ಕೆಳಗಿದ್ದಷ್ಟೂ ಹಳೆಯದು

ನನ್ನ ಬಾಳು ಮುಳುಗಿದ್ದು ಐದು ಸಾಲಿನ ಒಂದು ಪಟ್ಟಿಯಿಂದ. ಪಟ್ಟಿಯಲ್ಲಿ ತಪ್ಪಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಷರ ದುಂಡಗಿತ್ತು, ಸಾಲು ನೆಟ್ಟಗಿತ್ತು, ಕೆಂಪು ಶಾಯಿಯಲ್ಲಿ ಅಡಿಗೆರೆ ಕೂಡ ಎಳೆದಿದ್ದೆ. ಆದರೂ ಮುಳುಗಿದೆ. ಈಗ ಕೇಳಿದವರೆಲ್ಲ, "ಅಷ್ಟೂ ತಿಳೀಲಿಲ್ವಾ ಸಾರ್?" ಅನ್ನುತ್ತಾರೆ. ತಿಳಿದಿದ್ದರೆ ಯಾಕ್ರೀ ಮುಳುಗುತ್ತಿದ್ದೆ?

ನಾನು ಚರಿತ್ರೆ ಮೇಷ್ಟ್ರು. ಅದೂ ಒಂಬತ್ತು ವರ್ಷದಿಂದ ತಾತ್ಕಾಲಿಕ ಮೇಷ್ಟ್ರು. ಪ್ರತಿ ವರ್ಷ ಶಾಲೆ ತೆರೆಯುವ ಹಿಂದಿನ ದಿನ ನನ್ನ ಹೆಸರಿಗೆ ಒಂದು ಆದೇಶ ಹುಟ್ಟುತ್ತದೆ, ಪರೀಕ್ಷೆ ಮುಗಿದ ಮರುದಿನ ಸಾಯುತ್ತದೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಬೀರುವಿನಲ್ಲಿ ಒಂದೊಂದು ಖಾನೆ, ನನಗೆ ಕಿಟಕಿಯ ಕಟ್ಟೆ. ಮಕ್ಕಳು ನನಗೆ 'ಇಸವಿ ಮೇಷ್ಟ್ರು' ಎಂದು ಹೆಸರಿಟ್ಟಿದ್ದಾರೆ. ಇಸವಿ ಬಿಟ್ಟು ನಾನು ಇನ್ನೇನೂ ಬರೆಸುವುದಿಲ್ಲವಂತೆ. ಬರೆಸಲು ಇನ್ನೇನಿದೆ ಎಂದು ಯಾರಾದರೂ ನನಗೆ ಹೇಳಿದ್ದರೆ ಅದನ್ನೂ ಬರೆಸುತ್ತಿದ್ದೆ.

ಒಂದು ದಿನ ಹೆಡ್ ಮೇಡಂ ಕರೆಸಿ, "ಬನ್ನಿ, ಕೂತ್ಕೊಳ್ಳಿ" ಅಂದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಕೂರಲು ಹೇಳಿದ್ದರಿಂದ ಕುರ್ಚಿಯ ತುದಿಯಲ್ಲಷ್ಟೇ ಕೂತೆ.

"ತಪಾಸಣೆಗೆ ಸಾಹೇಬ್ರು ಬರ್ತಿದಾರೆ. ಮಕ್ಕಳು ಕೈಯಾರೆ ಮಾಡಿ ಕಲಿಯೋ ಪಾಠ ಇರ್ಬೇಕಂತೆ. ಎಲ್ಲಾ ಆದ್ಮೇಲೆ ಮಕ್ಕಳಿಗೆ ಒಂದೇ ಒಂದು ಪ್ರಶ್ನೆ ಕೇಳ್ತಾರೆ. ಸರಿಯಾಗಿ ಹೇಳಿದ್ರೆ ನಿಮ್ಮ ಹುದ್ದೆ ಖಾಯಂ. ಇಲ್ದಿದ್ರೆ..."

"ಇಲ್ದಿದ್ರೆ ಮೇಡಂ?"

"ಚರಿತ್ರೆ ಪೀರಿಯಡ್ಡು ಪಿ.ಟಿ. ಮೇಷ್ಟ್ರಿಗೆ."

ಮೇಡಂ ಮುಂದುವರಿಸಿದರು. "ವಿಜ್ಞಾನದೋರು ಜ್ವಾಲಾಮುಖಿ ಮಾಡ್ತಿದಾರೆ. ಹೊಗೆ ಬೇರೆ ಬರುತ್ತಂತೆ. ನಿಮ್ದೇನು?"

ನನ್ನದೇನೂ ಇರಲಿಲ್ಲ. ಆದರೆ ಹೊಗೆ ಅಂದದ್ದೇ ತಡ, ನನಗೆ ಎಲ್ಲಿಲ್ಲದ ಹಟ ಬಂತು.

"ಉತ್ಖನನ" ಅಂದೆ.

"ಹಾಗಂದ್ರೆ?"

"ನೆಲ ಅಗೆದು ಹಳೇ ಕಾಲದ ವಸ್ತು ತೆಗೆಯೋದು ಮೇಡಂ. ಮಕ್ಕಳೇ ಅಗೀತಾರೆ, ಮಕ್ಕಳೇ ಅಳೀತಾರೆ, ಮಕ್ಕಳೇ ಬರ್ಕೋತಾರೆ."

"ನಮ್ಮ ಶಾಲೆ ನೆಲದಲ್ಲಿ ಹಳೇ ಕಾಲದ್ದು ಏನ್ರೀ ಇದೆ?"

"ಹೂತ್ರೆ ಇರುತ್ತೆ ಮೇಡಂ."

ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ, "ಅಂಗಳ ಗಲೀಜು ಮಾಡ್ಬೇಡಿ" ಎಂದಷ್ಟೇ ಹೇಳಿ ಅಪ್ಪಣೆ ಕೊಟ್ಟರು.

ಮನೆಗೆ ಬಂದವನೇ ಪಟ್ಟಿ ಬರೆಯಲು ಕೂತೆ. ಭೂಮಿಯ ಪದರಗಳು ಹೇಗಿರುತ್ತವೋ ಹಾಗೆಯೇ ಬರೆದೆ. ಒಂದು, ಎಲ್ಲಕ್ಕಿಂತ ಮೇಲಿನದು: ನಮ್ಮ ಕಾಲ. ಎರಡು: ಅಜ್ಜನ ಕಾಲ. ಮೂರು: ರಾಜರ ಕಾಲ. ನಾಲ್ಕು: ಮಡಕೆಯ ಕಾಲ. ಐದು, ಎಲ್ಲಕ್ಕಿಂತ ಕೆಳಗಿನದು: ಕಲ್ಲಿನ ಕಾಲ. ಈಗಲೂ ಯಾವ ಪಂಡಿತರನ್ನು ಬೇಕಾದರೂ ಕರೆಸಿ ತೋರಿಸಿ, ಒಂದಕ್ಷರ ತಿದ್ದಲಾರರು.

ಸಾಮಾನು ಹೊಂದಿಸಲು ಒಂದು ವಾರ ಹಿಡಿಯಿತು. ಕಲ್ಲಿನ ಆಯುಧಗಳನ್ನು ಹಿತ್ತಿಲಲ್ಲಿ ಕೂತು ನಾನೇ ಚಕ್ಕೆ ಎಬ್ಬಿಸಿ ಮಾಡಿದೆ. ನಾಲ್ಕು ದಿನಕ್ಕೆ ಆರು ಆಯುಧ ಆದವು, ಎಡಗೈ ಹೆಬ್ಬೆರಳು ಹೋಯಿತು. ಮಡಕೆಯ ಕಾಲಕ್ಕೆ ಹೂವಿನ ಕುಂಡ ಒಡೆದೆ. ರಾಜರ ಕಾಲಕ್ಕೆ ನಲ್ಲಿಯ ವಾಷರುಗಳನ್ನು ಸುತ್ತಿಗೆಯಲ್ಲಿ ಚಪ್ಪಟೆ ಬಡಿದು ನಾಣ್ಯ ಮಾಡಿದೆ. ಅಜ್ಜನ ಕಾಲಕ್ಕೆ ಬೀಗದಕೈ ಇಲ್ಲದ ಬೀಗ, ಶಾಯಿ ಬಾಟಲಿ. ನಮ್ಮ ಕಾಲಕ್ಕೆ ಅಡುಗೆಮನೆಯ ಅಟ್ಟದ ಮೇಲಿದ್ದ ಗುಜರಿ ಡಬ್ಬವನ್ನು ಹಾಗೇ ಎತ್ತಿಕೊಂಡೆ. ಅದರಲ್ಲಿ ಸವೆದ ಹಲ್ಲುಜ್ಜುವ ಬ್ರಷ್ಷು, ಟಿ.ವಿ.ಯ ಕೆಟ್ಟ ರಿಮೋಟು, ಇನ್ನೂ ಏನೇನೋ ಇದ್ದವು. ತಳದವರೆಗೆ ನೋಡಲಿಲ್ಲ. ಒಬ್ಬ ಮನುಷ್ಯ ಎಷ್ಟು ಅಂತ ನೋಡಬೇಕು?

"ರೀ, ನನ್ನ ಕುಂಡ ಎಲ್ಲಿ?" ಎಂದಳು ಹೆಂಡತಿ.

"ಚರಿತ್ರೆಗೆ ಸೇರ್ತು."

"ಗಿಡ?"

"ಅದು ಹೊರಗಿದೆ."

ಅವಳು ಮೂರು ದಿನ ಮಾತು ಬಿಟ್ಟಳು. ಮಾತು ಬಿಡದಿದ್ದವರು ಮಾವ. ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾಗಿ ನಮ್ಮ ಜೊತೆಗೇ ಇರುವ ಅವರ ಬಳಿ ಎರಡು ಹಲ್ಲು ಸೆಟ್ಟು ಇದ್ದವು. ಹೊಸದು ಮಾತಾಡಲು, ಹಳೆಯದು ತಿನ್ನಲು. ಊಟ ಮುಗಿದರೆ ಹಳೆಯದನ್ನು ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಡಬ್ಬದಲ್ಲಿ ಹಾಕಿಡುತ್ತಿದ್ದರು. ಆ ವಾರವೇ ತಿನ್ನುವ ಸೆಟ್ಟು ಕಾಣೆಯಾಯಿತು. "ಅಳಿಯಂದ್ರೇ, ನನ್ನ ಹಲ್ಲು ನೋಡಿದ್ರಾ?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ನಾನು ದಿನಕ್ಕೆ ಹತ್ತು ಸಲ ಇಲ್ಲ ಅನ್ನುತ್ತಿದ್ದೆ, ಮನಸ್ಸಾರೆ.

ಭಾನುವಾರ ಗುಂಡಿ ತುಂಬುವ ಕೆಲಸ. ಮೇಡಂ ಕೊಟ್ಟಿದ್ದು ಉದ್ದಜಿಗಿತದ ಮರಳು ಗುಂಡಿ, ಹಾಗಾಗಿ ಪಿ.ಟಿ. ಮೇಷ್ಟ್ರೇ ಅದನ್ನು ತೊಡೆಮಟ್ಟ ಅಗೆದುಕೊಟ್ಟರು. ಒಳ್ಳೆಯ ಮನುಷ್ಯ, ಅದನ್ನು ಅಲ್ಲಗಳೆಯಲಾರೆ. ನಾನು ಗುಂಡಿಯೊಳಗೆ ಇಳಿದೆ, ಅವರು ಪಟ್ಟಿ ಹಿಡಿದು ದಂಡೆಯ ಮೇಲೆ ನಿಂತರು. ಇಪ್ಪತ್ತು ವರ್ಷ ಕವಾಯತು ಮಾಡಿಸಿದ ಗಂಟಲು ಅದು.

"ಒಂದು!" ಎಂದು ಕೂಗಿದರು. ನಾನು ಒಂದನೆಯ ಡಬ್ಬ ಸುರಿದೆ. ಅವರು ಮಣ್ಣು ಹಾಕಿ ಮೇಲೆ ಹಾರಿ ಹಾರಿ ಗಟ್ಟಿ ಮಾಡಿದರು.

"ಎರಡು!" ನಾನು ಎರಡನೆಯದನ್ನು ಇಟ್ಟೆ.

ಹೀಗೆ "ಐದು!" ಬರುವಷ್ಟರಲ್ಲಿ ಗುಂಡಿ ತುಂಬಿ ನೆಲ ಸಮ ಆಯಿತು. ಓದುವವರಲ್ಲಿ ಚುರುಕಾದವರಿಗೆ ಏನಾಯಿತೆಂದು ಈಗಾಗಲೇ ಹೊಳೆದಿರಬೇಕು. ನನಗೆ ಹೊಳೆಯಲಿಲ್ಲ. ನಾವಿಬ್ಬರೂ ಕೈಕೈ ಕುಲುಕಿ, ಟೀ ಕುಡಿದು ಮನೆಗೆ ಹೋದೆವು.

ಸೋಮವಾರ ಏಳನೇ ತರಗತಿಗೆ ಪಾಠ. "ಮಕ್ಕಳೇ, ಉತ್ಖನನಕ್ಕೆ ಒಂದೇ ನಿಯಮ. ಕೆಳಗಿದ್ದಷ್ಟೂ ಹಳೆಯದು" ಎಂದು ಹನ್ನೊಂದು ಸಲ ಒಟ್ಟಿಗೆ ಹೇಳಿಸಿದೆ. ಮೊದಲ ಬೆಂಚಿನಲ್ಲಿ ಒಬ್ಬಳು ಹುಡುಗಿ, ದರ್ಜಿಯ ಮಗಳು. ಏನು ಹೇಳಿದರೂ "ಯಾಕೆ ಸಾರ್?" ಅನ್ನುವುದರಿಂದ ಅವಳಿಗೆ ಸ್ಟಾಫ್ ರೂಮಿನಲ್ಲಿ 'ಯಾಕೆಸಾರ್' ಎಂದೇ ಹೆಸರು.

"ಪುಸ್ತಕದಲ್ಲಿ ಎಲ್ಲಾ ಇದೆಯಲ್ಲ, ಯಾಕೆ ಸಾರ್ ಅಗೀಬೇಕು?" ಎಂದಳು.

"ಪುಸ್ತಕ ಯಾರೋ ಬರೆದದ್ದು. ಕೈಯಾರೆ ತೆಗೆದದ್ದನ್ನ ನಂಬ್ಬೇಕು" ಅಂದೆ. ಈ ಮಾತು ನನಗೇ ಬಹಳ ಹಿಡಿಸಿ ಎರಡು ಸಲ ಹೇಳಿದೆ.

"ಅಲ್ಲಿ ಏನು ಸಿಗುತ್ತೆ ಸಾರ್?"

ಆಗಲೇ ನಾನೇ ಹೂತದ್ದು ಎಂದು ಹೇಳಬಹುದಿತ್ತು. ಆದರೆ ನಲವತ್ತು ಜೊತೆ ಕಣ್ಣು ಒಂಬತ್ತು ವರ್ಷದಲ್ಲಿ ಮೊದಲ ಸಲ ಎಚ್ಚರವಾಗಿ ನನ್ನನ್ನು ನೋಡುತ್ತಿದ್ದವು. "ನನಗೇನಮ್ಮಾ ಗೊತ್ತು? ಭೂಮಿತಾಯಿಗೆ ಗೊತ್ತು" ಅಂದುಬಿಟ್ಟೆ.

ಬುಧವಾರ ಸಾಹೇಬರು ಬಂದರು. ಗುಂಡಿಯ ಪಕ್ಕ ಅವರಿಗೆ ಕುರ್ಚಿ, ಕೊಡೆ, ಸಣ್ಣ ಮೇಜು. ಹಿಂದೆ ಪೋಷಕರು, ಅವರ ನಡುವೆ ಮಾತಾಡುವ ಹಲ್ಲು ಹಾಕಿಕೊಂಡು ನಮ್ಮ ಮಾವ. ಗುಂಡಿಯ ಮೇಲೆ ದಾರ ಕಟ್ಟಿ ಚೌಕ ಮಾಡಿದ್ದೆವು. ಒಬ್ಬೊಬ್ಬರ ಕೈಲೂ ಕರಣೆ, ಬ್ರಷ್ಷು, ಜರಡಿ, ಟೇಪು. ನೋಡಲು ಎಷ್ಟು ಚೆನ್ನಾಗಿತ್ತು ಗೊತ್ತೇ? ಆ ಐದು ನಿಮಿಷ ನಾನು ಖಾಯಂ ಆಗಿದ್ದೆ.

"ಸಾರ್, ಸಿಕ್ತು!" ಎಂದು ಯಾಕೆಸಾರ್ ಕಿರುಚಿದಳು. ಅಂಗೈಯಲ್ಲಿ ನನ್ನ ಹೆಬ್ಬೆರಳು ತಿಂದ ಕಲ್ಲಿನ ಆಯುಧ.

ಮೊದಲ ಪದರದಲ್ಲೇ ಕಲ್ಲಿನ ಕಾಲ! ಗುಂಡಿ ಇಡಿಯಾಗಿ ತಲೆಕೆಳಗಾಗಿತ್ತು. ಪಿ.ಟಿ. ಮೇಷ್ಟ್ರತ್ತ ನೋಡಿದೆ. ಅವರು ಹೆಮ್ಮೆಯಿಂದ ಹೆಬ್ಬೆರಳು ಎತ್ತಿ ತೋರಿಸಿದರು.

"ಮಕ್ಕಳೇ, ಸಾಕು! ಇವತ್ತಿಗೆ ಇಷ್ಟೇ! ಊಟಕ್ಕೆ ಹೊರಡಿ!"

"ಈಗಿನ್ನೂ ಹತ್ತೂಕಾಲು" ಎಂದರು ಹೆಡ್ ಮೇಡಂ, ಹಲ್ಲು ಕಚ್ಚಿ.

"ಬಿಸಿಲು ಮೇಡಂ, ಮಕ್ಕಳಿಗೆ ತಲೆ ಸುತ್ತಿದ್ರೆ?"

"ನಮಗೇನೂ ಆಗಿಲ್ಲ ಸಾರ್!" ಎಂದು ನಲವತ್ತು ಗಂಟಲು. ಸಾಹೇಬರು ಕುರ್ಚಿ ಬಿಟ್ಟು ಎದ್ದು ಗುಂಡಿಯ ಅಂಚಿಗೇ ಬಂದು ನಿಂತರು. "ಮುಂದುವರೀಲಿ, ಮುಂದುವರೀಲಿ" ಅಂದರು.

ಮುಂದುವರಿಯಿತು. ಕಲ್ಲಿನ ಕೆಳಗೆ ಮಡಕೆ ಚೂರು. ಮಡಕೆಯ ಕೆಳಗೆ ನಾಣ್ಯ. ನಾಣ್ಯದ ಕೆಳಗೆ ಬೀಗ. ಒಂದೊಂದು ಸಿಕ್ಕಾಗಲೂ ಮಕ್ಕಳು ಆಳ ಅಳೆದು, ಚೀಟಿ ಅಂಟಿಸಿ, "ಕೆಳಗಿದ್ದಷ್ಟೂ ಹಳೆಯದು!" ಎಂದು ಒಕ್ಕೊರಲಿನಿಂದ ಕೂಗುತ್ತಿದ್ದರು. ಇಷ್ಟು ಶಿಸ್ತು ಅವರಲ್ಲಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬೇರೆ ಯಾವ ದಿನವಾಗಿದ್ದರೂ ಸಂತೋಷದಿಂದ ಅತ್ತುಬಿಡುತ್ತಿದ್ದೆ.

ತಳದಲ್ಲಿ ರಿಮೋಟು ಬಂತು. ಹಲ್ಲುಜ್ಜುವ ಬ್ರಷ್ಷು ಬಂತು. ಕಟ್ಟಕಡೆಗೆ ಯಾಕೆಸಾರ್ ಮಂಡಿಯೂರಿ, ಉಸಿರು ಬಿಗಿಹಿಡಿದು, ಬ್ರಷ್ಷಿನಿಂದ ಮಣ್ಣು ಸರಿಸಿ ಸರಿಸಿ, ಎರಡೂ ಕೈಯಲ್ಲಿ ಒಂದು ವಸ್ತುವನ್ನು ಎತ್ತಿ ಹಿಡಿದಳು. ಮೂವತ್ತೆರಡು ಹಲ್ಲೂ ಕಿಸಿದಿದ್ದವು.

"ಅಯ್ಯೋ, ನನ್ನ ಹಲ್ಲು!" ಎಂದು ಮಾವ ದಾರ ಹರಿದುಕೊಂಡು ನುಗ್ಗಿದರು.

"ತಾತ, ಮುಟ್ಬೇಡಿ! ಇನ್ನೂ ಆಳ ಬರ್ಕೊಂಡಿಲ್ಲ."

"ನನ್ನ ಹಲ್ಲಿಗೆ ನಿನ್ನದೇನಮ್ಮಾ ಆಳ? ಕೊಡಿಲ್ಲಿ!"

"ಎಪ್ಪತ್ತೆರಡು ಸೆಂಟಿಮೀಟರು" ಎಂದು ಅವಳು ಶಾಂತವಾಗಿ ಟೇಪು ನೋಡಿ ಹೇಳಿದಳು. "ಕಲ್ಲಿನ ಕಾಲಕ್ಕಿಂತ ಎಷ್ಟೋ ಸಾವಿರ ವರ್ಷ ಹಳೇದು. ನಿಮ್ದು ಹೇಗಾಗುತ್ತೆ ತಾತ? ನಿಮಗೆಷ್ಟು ವಯಸ್ಸು?"

"ಎಪ್ಪತ್ತನಾಲ್ಕು!"

"ಸಾಲಲ್ಲ ತಾತ" ಎಂದಳು, ಬಹಳ ಕನಿಕರದಿಂದ.

ಪೋಷಕರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮಾವ ನಗಲಿಲ್ಲ. ನನ್ನನ್ನೇ ನೋಡಿದರು. "ಅಳಿಯಂದ್ರೇ, ಹತ್ತು ದಿನದಿಂದ ನಾನು ನೀರು ಕುಡಿದ ಹಾಗೆ ಊಟ ಮಾಡ್ತಿದೀನಿ. ನೀವು ಇಲ್ಲ ಇಲ್ಲ ಅಂತ ತಲೆ ಅಲ್ಲಾಡಿಸ್ತಿದ್ರಲ್ಲ" ಎಂದರು. ಹಲ್ಲಿಗೆ ಐವತ್ತೆಂಟನೆಯ ನಂಬರಿನ ಚೀಟಿ ಬಿದ್ದು ಅದು ಪೆಟ್ಟಿಗೆಗೆ ಸೇರಿತು.

ಸಾಹೇಬರು ಹಣೆ ಗಂಟಿಕ್ಕಿದರು. "ಪುಸ್ತಕದಲ್ಲಿ ಬೇರೆ ಥರ ಇದೆಯಲ್ಲ ಮೇಷ್ಟ್ರೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಡಿಯಾರ ನೋಡಿದರು. "ಜ್ವಾಲಾಮುಖಿಗೆ ಹೊತ್ತಾಯ್ತು. ನಿಮ್ಮ ಪ್ರಶ್ನೆ ನಾಳೆ ಹತ್ತಕ್ಕೆ."

ಅವರು ಅತ್ತ ಹೋದದ್ದೇ ಹೆಡ್ ಮೇಡಂ ಇತ್ತ ಬಂದರು. "ನಾಳೆ ಹತ್ತು ಗಂಟೆಯೊಳಗೆ ಮಕ್ಕಳ ಬಾಯಲ್ಲಿ ಕಲ್ಲು ಹಳೇದು ಅಂತ ಬರ್ಬೇಕು. ಏನ್ಮಾಡ್ತೀರೋ ನನಗೆ ಗೊತ್ತಿಲ್ಲ."

ಪಿ.ಟಿ. ಮೇಷ್ಟ್ರನ್ನು ಹಿಡಿದು ದಬಾಯಿಸಿದೆ. ಅವರು ಕಕ್ಕಾಬಿಕ್ಕಿಯಾದರು. "ನೀವು ಪಟ್ಟಿ ಕೊಟ್ರಿ, ನಾನು ಓದ್ದೆ. ಎಣಿಸೋದು ಒಂದರಿಂದ ತಾನೇ ಸಾರ್? ಐದರಿಂದ ಯಾರು ಶುರು ಮಾಡ್ತಾರೆ?"

ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ಇಬ್ಬರು ಪೋಷಕರು. ಮೊದಲು ಮಾತಾಡಿದ್ದು ಆಸ್ಪತ್ರೆಯ ನರ್ಸಮ್ಮ. "ಏನ್ ಸಾರ್ ಕಲಿಸ್ತಿದೀರಿ? ನನ್ನ ಮಗ ಇನ್ಮೇಲೆ ಹಲ್ಲುಜ್ಜಲ್ವಂತೆ. ಹಲ್ಲುಜ್ಜೋದು ಕಾಡುಮನುಷ್ಯರ ಅಭ್ಯಾಸವಂತೆ. ಮುಂದುವರಿದೋರು ಬಿಟ್ಟುಬಿಟ್ರಂತೆ!"

"ಅದು ಪರವಾಗಿಲ್ಲ ಬಿಡಿ ಅಮ್ಮ" ಎಂದರು ದರ್ಜಿ, ಯಾಕೆಸಾರ್‌ನ ತಂದೆ. "ನನ್ನ ಮಗಳು ಹೊಲಿಗೆ ಮಿಷನ್ನಿನ ಮುಂದೆ ನಿಂತು, 'ಅಪ್ಪಾ, ನೀನಿನ್ನೂ ತಳದಲ್ಲೇ ಇದೀಯಲ್ಲಪ್ಪಾ' ಅಂದ್ಲು. ಇಪ್ಪತ್ತು ವರ್ಷದಿಂದ ತುಳೀತಿದೀನಿ ಸಾರ್ ಈ ಮಿಷನ್ನು."

"ನಾಳೆ ಎಲ್ಲಾ ಸರಿಮಾಡ್ತೀನಿ" ಅಂದೆ.

"ಆದ್ರೂ ಒಂದು ಮಾತು ಸಾರ್" ಎಂದರು ದರ್ಜಿ, ದನಿ ತಗ್ಗಿಸಿ. "ಬಂದಾಗಿಂದ ಕೈ ತೊಳೆದಿಲ್ಲ ಅವಳು. ಎಷ್ಟೋ ಸಾವಿರ ವರ್ಷದ ಹಿಂದಿನೋರ ವಸ್ತು ಮುಟ್ಟಿದ ಕೈಯಂತೆ. ಎಡಗೈಯಲ್ಲಿ ಊಟ ಮಾಡ್ತಿದಾಳೆ."

ಒಳಗೆ ಹೋದರೆ ಮಾವ ಗೋಡೆಯ ಕಡೆ ತಿರುಗಿ ಮಲಗಿದ್ದರು. ಹೆಂಡತಿ ಮಾತಾಡಿದಳು, ಅದು ಇನ್ನೂ ಕಷ್ಟವಾಯಿತು. "ಕುಂಡ ಹೋಯ್ತು, ಅಪ್ಪನ ಹಲ್ಲು ಹೋಯ್ತು. ಹೋಗ್ಲಿ, ಕೆಲಸ ಆದ್ರೂ ಆಗುತ್ತಾ ರೀ?"

"ಆಗುತ್ತೆ" ಅಂದೆ. ಅವಳು ನಂಬಲಿಲ್ಲ. ನಾನೂ ನಂಬಲಿಲ್ಲ.

ಮರುದಿನ ಒಂಬತ್ತಕ್ಕೇ ತರಗತಿಗೆ ಹೋದೆ. "ಮಕ್ಕಳೇ, ಪುಸ್ತಕ ತೆಗೀರಿ. ನೋಡಿ, ಕಲ್ಲಿನ ಕಾಲವೇ ಎಲ್ಲಕ್ಕಿಂತ ಹಳೇದು."

"ಪುಸ್ತಕ ಯಾರೋ ಬರೆದದ್ದು ಸಾರ್" ಎಂದ ಹಿಂದಿನ ಬೆಂಚಿನವನೊಬ್ಬ.

"ಕೈಯಾರೆ ತೆಗೆದದ್ದನ್ನ ನಂಬ್ಬೇಕು ಸಾರ್" ಎಂದಿತು ಇಡೀ ತರಗತಿ.

ಗದರಿದೆ. ಬೇಡಿಕೊಂಡೆ. ಬೋರ್ಡಿನ ಮೇಲೆ ಚಿತ್ರ ಬರೆದೆ. ಅವರು ಅಳತೆಯ ಪುಸ್ತಕ ತೆಗೆದು ಸೆಂಟಿಮೀಟರುಗಳನ್ನು ಓದಿ ಹೇಳಿದರು. ಐವತ್ತೆಂಟು ವಸ್ತು, ಐವತ್ತೆಂಟು ಆಳ, ಒಂದೂ ತಪ್ಪಿಲ್ಲ. ಇಂಥ ಕೆಲಸ ಮಾಡಿದ ಮಕ್ಕಳನ್ನು ನಾನು ಸುಳ್ಳುಗಾರರನ್ನಾಗಿ ಮಾಡಬೇಕಿತ್ತು. ಹತ್ತಕ್ಕೆ ಐದು ನಿಮಿಷ ಇತ್ತು.

"ಅದನ್ನೆಲ್ಲ ನಾನೇ ಹೂತಿದ್ದು" ಅಂದೆ. "ಭಾನುವಾರ. ತಲೆಕೆಳಗಾಗಿ."

ಯಾಕೆಸಾರ್ ತನ್ನ ಬಲಗೈಯನ್ನು ನೋಡಿಕೊಂಡಳು, ಮಣ್ಣು ಇನ್ನೂ ಉಗುರಿನಲ್ಲಿತ್ತು. ಆ ಕೈಯನ್ನು ನಿಧಾನವಾಗಿ ಲಂಗಕ್ಕೆ ಒರೆಸಿದಳು. ನನ್ನನ್ನು ಯಾರಾದರೂ ಎಪ್ಪತ್ತೆರಡು ಸೆಂಟಿಮೀಟರು ಕೆಳಗೆ ಹೂಳಬಾರದೇ ಅನ್ನಿಸಿತು.

ಆ ಹೊತ್ತಿಗೆ ಸರಿಯಾಗಿ ಸಾಹೇಬರು, ಹಿಂದೆ ಹೆಡ್ ಮೇಡಂ. ಮಕ್ಕಳು ಎದ್ದು ನಿಂತು ಕೂತರು.

"ಒಂದೇ ಪ್ರಶ್ನೆ" ಎಂದರು ಸಾಹೇಬರು. "ಎಲ್ಲಕ್ಕಿಂತ ಹಳೆಯದು ಯಾವುದು?"

ಒಂದು ಕೈಯೂ ಏಳಲಿಲ್ಲ. ಮೇಡಂ ಕಣ್ಣಲ್ಲೇ ಮಕ್ಕಳಿಗೆ ಕಲ್ಲು, ಕಲ್ಲು ಎಂದು ಹೇಳಿಕೊಡಲು ನೋಡಿದರು. ಕೊನೆಗೆ ಯಾಕೆಸಾರ್ ಎದ್ದಳು.

"ಸಾರ್, ಮೊದ್ಲು ನಂದೊಂದು ಪ್ರಶ್ನೆ. ನಮ್ಮ ಗುಂಡೀಲಿ ಇದ್ದಿದ್ದನ್ನ ಮೇಷ್ಟ್ರು ಹೂತಿದ್ರು. ಪುಸ್ತಕದಲ್ಲಿ ಇರೋದನ್ನ ಯಾರು ಹೂತಿದ್ದು?"

ಸಾಹೇಬರು ಮೇಡಂ ಮುಖ ನೋಡಿದರು. ಮೇಡಂ ನನ್ನ ಮುಖ ನೋಡಿದರು. ನಾನು ಅವಳನ್ನೇ ನೋಡಿ ಹೇಳಿದೆ. "ಅದನ್ನ ಯಾರೂ ಹೂತಿಲ್ಲಮ್ಮ. ಒಂದು ಮನೇಲಿ ಜನ ಇರ್ತಾರೆ, ಮಡಕೆ ಒಡೀತಾರೆ, ಮಕ್ಕಳನ್ನ ಬೈತಾರೆ. ಒಂದು ದಿನ ಬಿಟ್ಟು ಹೋಗ್ತಾರೆ. ಗುಡಿಸೋರು ಇಲ್ದೆ ಧೂಳು ಕೂರುತ್ತೆ, ಅಷ್ಟೇ."

ಅವಳು ಕೂತು ಅದನ್ನು ಬರೆದುಕೊಂಡಳು. ನೋಡಿ, ಇನ್ನುಳಿದವರೂ ಬರೆದುಕೊಂಡರು. ಅದರಲ್ಲಿ ಒಂದು ಇಸವಿಯೂ ಇರಲಿಲ್ಲ.

"ಇದು ಪಠ್ಯದಲ್ಲಿ ಇದೆಯಾ?" ಎಂದರು ಸಾಹೇಬರು.

"ಇಲ್ಲ ಸಾರ್" ಅಂದೆ.

ಅವರು ಅಲ್ಲೇ ನಿಂತು ತಪಾಸಣೆಯ ಪುಸ್ತಕದಲ್ಲಿ ಬರೆದರು. 'ವಿದ್ಯಾರ್ಥಿಗಳು ಪ್ರಶ್ನೆಗೆ ಉತ್ತರಿಸಲಿಲ್ಲ, ಬದಲಿಗೆ ಪ್ರಶ್ನೆ ಕೇಳಿದರು. ಚರಿತ್ರೆ ವಿಷಯವನ್ನು ದೈಹಿಕ ಶಿಕ್ಷಣ ವಿಭಾಗಕ್ಕೆ ವಹಿಸತಕ್ಕದ್ದು.' ಮಧ್ಯಾಹ್ನದ ಹೊತ್ತಿಗೆ ಆದೇಶದ ಪ್ರತಿ ನನ್ನ ಕಿಟಕಿಯ ಕಟ್ಟೆಯ ಮೇಲಿತ್ತು. ಮೇಡಂ ಅದು ಹಾರಿಹೋಗದಂತೆ ಮೇಲೊಂದು ಡಸ್ಟರ್ ಇಟ್ಟಿದ್ದರು.

ಅದನ್ನು ನಾಲ್ಕಾಗಿ ಮಡಿಸಿ ಜೇಬಿಗೆ ತುರುಕಿಕೊಂಡು ಅಂಗಳ ದಾಟುತ್ತಿದ್ದೆ. ಯಾಕೆಸಾರ್ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ನನ್ನ ಮೇಲೆ ಸಿಟ್ಟಿರಬೇಕು ಎಂದು ತಲೆ ತಗ್ಗಿಸಿ ಹೊರಟೆ. ಅವಳೇ ಕರೆದಳು.

"ಸಾರ್, ನೀವು ಹೂತಿದ್ದು ಇಲ್ಲೀತನಕ ತಾನೇ? ಇದರ ಕೆಳಗಿನ ಮಣ್ಣು ನೀವು ಮುಟ್ಟಿಲ್ಲ ಅಲ್ವಾ?"

"ಇಲ್ಲಮ್ಮ."

"ಹಾಗಾದ್ರೆ ಅದು ನಿಜವಾದದ್ದು!" ಅವಳ ಮುಖವೆಲ್ಲ ಅರಳಿತು. "ನಾಳೆ ಚರಿತ್ರೆ ಪೀರಿಯಡ್ಡಲ್ಲಿ ಅಲ್ಲಿಂದ ಅಗೆಯೋಣ್ವಾ ಸಾರ್?"

ಜೇಬಿನಲ್ಲಿ ಆದೇಶ ಚುಚ್ಚುತ್ತಿತ್ತು.

"ಅಗೆಯೋಣಮ್ಮ" ಅಂದೆ.

"ಇವತ್ತೇ ದಾರ ಕಟ್ಟಿಡ್ತೀನಿ ಸಾರ್" ಎಂದು ಅವಳು ಎದ್ದು ಓಡಿದಳು.